ಅಪ್ಪನ ಹರ್ನಿಯಾ ಆಪರೇಷನ್ ಮುಂದ ಹಾಕ್ಯಾರ, ಕಾರಣ ಎದಿ ಅಂತ. ಹಿಂಗ್ ಮಾಡ್ತಾರೇನ್ರಿ?

ಫರಸಿ_ಮಗ:

ನಮಸ್ಕಾರ್ರಿ ಎಲ್ಲಾರಿಗೂ. ನಾವು ಶಹಾಬಾದ ಕಡಿಯವ್ರು. ಅಪ್ಪಗ 62 ವರ್ಷ. ವಯಸ್ಸಿನ್ಯಾಗ ಫರಸಿ ಖಣಿ, ಆಮ್ಯಾಲ ಪಾಲಿಶ್ ಮಷೀನು, ಹಿಂಗ ದುಡಿದ ಜೀವ. ಬೀಡಿ ದಿನಕ್ಕೊಂದ್ ಕಟ್ಟು. ಹಿಂದಕ ಹೊಟ್ಟ್ಯಾಗಿನ ಅಲ್ಸರ್ ಒಡದು ರಾತ್ರೋರಾತ್ರಿ ಆಪರೇಷನ್ ಆಗಿತ್ತು. ಆ ಹೊಲಿಗಿ ಜಾಗದಾಗ ಈಗ ಹರ್ನಿಯಾ ಆಗ್ಯದ, ಕೆಮ್ಮಿದ್ರ ಎರಡು ಮುಷ್ಟಿಯಷ್ಟು ಹೊರಗ ಬರ್ತದ.

ಕಲಬುರಗಿಯೊಳಗ ಸರ್ಜನ್ ನೋಡಿ ಜಾಳಿ ಹಾಕಿ ಹೊಲಿಬೇಕು ಅಂದ್ರು, ತಾರೀಖನೂ ಕೊಟ್ರು. ರಕ್ತ, ಇಸಿಜಿ, ಎಕ್ಸ್‌ರೇ ಎಲ್ಲಾ ಆತು. ಕಡೀಕ ಬೇಹೋಷ್ ಮಾಡೋ ಡಾಕ್ಟರ್ ಬಂದು ಎದಿಗೆ ಮಷೀನ್ ಹಚ್ಚಿ ಕೇಳಿ, ಬೆರಳಿಗೆ ಕ್ಲಿಪ್ ಹಾಕಿ ನೋಡಿ, "ಈಗ ಬ್ಯಾಡ, ಬೀಡಿ ಬಿಟ್ಟು ಒಂದ್ ತಿಂಗಳಾದ ಮ್ಯಾಲ ಕರ್ಕೊಂಡ್ ಬರ್ರಿ" ಅಂದುಬಿಟ್ರು. ಮೂರು ಚೆಂಡಿನ ಪ್ಲಾಸ್ಟಿಕ್ ಡಬ್ಬಿ, ಒಂದು ಇನ್‌ಹೇಲರ್, ಕಫದ ಟೆಸ್ಟು ಬರ್ಕೊಟ್ಟಾರ.

ಮನ್ಯಾಗ ಗದ್ದಲ ನಡದದ. ಕಾಕಾ ಅಂತಾರ, ಹೊಟ್ಟಿ ಆಪರೇಷನ್‌ಗೂ ಎದಿಗೂ ಏನ್ ಸಂಬಂಧ, ಇದು ಸುಮ್ನ ಅಡ್ಡಾಡಸೋ ಧಂದೆ ಅಂತ. ಅಪ್ಪ ಅಂತಾನ, ಹಿಂದ ಆಪರೇಷನ್ ಆದಾಗ ಯಾರೂ ಬೀಡಿ ಕೇಳಿರಲಿಲ್ಲ, ಈಗ್ಯಾಕ? ತಿಳದವ್ರು ಹೇಳ್ರಿ.


ತೊಗರಿ_ರಾಶಿ:

ಅಣ್ಣಾ, ಸೀದಾ ಸೋಲಾಪುರಕ್ಕ ಒಯ್ಯಿ. ಇಲ್ಲಾಂದ್ರ ಹೈದರಾಬಾದ್. ನಮ್ಮ ಮಾವಗ ಬೀಡಿ ಇದ್ದೇ ಆಪರೇಷನ್ ಆಗ್ಯದ, ಏನೂ ಆಗಿಲ್ಲ. ಡಬ್ಬಿ ಊದೋದು ಹುಡುಗರ ಆಟ.


ಉಸಿರಾಟ_ಫಿಸಿಯೋ:

ತೊಗರಿ ಅಣ್ಣಾವ್ರ, ಸೋಲಾಪುರಕ್ಕ ಹೋದ್ರೂ ಅಲ್ಲಿ ಬೇಹೋಷ್ ಮಾಡೋರು ಇದನ್ನೇ ಕೇಳ್ತಾರ. ಮತ್ತ ಆ ಡಬ್ಬಿ ಊದೋದಲ್ಲ, ಜಗ್ಗೋದು. ಅದಕ್ಕ ಆಮ್ಯಾಲ ಬರ್ತೀನಿ.

ಫರಸಿ_ಮಗ ಅವರ, ನಾನು ಕಲಬುರಗಿಯೊಳಗ ಫಿಸಿಯೋಥೆರಪಿಸ್ಟ್. ದಿನದ ಅರ್ಧ ಕೆಲಸ ಆಪರೇಷನ್ ಆದವರ ಎದಿ ಮ್ಯಾಲೇ. ನಿಮ್ಮ ತಂದೀನ್ನ ನೋಡಿಲ್ಲ, ಅವರ ಡಾಕ್ಟರ್ ಮಾತೇ ಕೊನೆ ಮಾತು. ಆದ್ರ ನೀವು ಬರದದ್ದು ಓದಿದ್ರ, ಮುಂದ ಹಾಕಿದವರು ನಿಮ್ಮ ತಂದೀಗೆ ಉಪಕಾರ ಮಾಡ್ಯಾರ ಅಂತ ನನಗನಸ್ತದ.

ಹೊಟ್ಟಿಗೂ ಎದಿಗೂ ಏನ್ ಸಂಬಂಧ ಅಂತ ಕಾಕಾ ಕೇಳಿದ್ದು ಒಳ್ಳೆ ಪ್ರಶ್ನೆ. ಎರಡರ ನಡುವ ಇರೋದು ಒಂದೇ ಒಂದು ಸ್ನಾಯು, ವಪೆ ಅಂತೀವಿ, ಡಯಾಫ್ರಮ್. ನಾವು ಉಸಿರು ಎಳಕೊಂಡಾಗ ಅದು ಕೆಳಗ ಇಳಿತದ, ಶ್ವಾಸಕೋಶ ಹಿಗ್ಗತದ. ಮೇಲ್ಹೊಟ್ಟಿ ಕೊಯ್ದ ಮ್ಯಾಲ ಆ ಸ್ನಾಯು ಕೆಲವು ದಿನ ಸರಿಯಾಗಿ ಕೆಲಸ ಮಾಡಂಗಿಲ್ಲ. ನೋವು ಬ್ಯಾರೆ. ಹಿಂಗಾಗಿ ಮನುಷ್ಯ ಮ್ಯಾಲಿಂದ ಮ್ಯಾಲೇ ಸಣ್ಣ ಸಣ್ಣ ಉಸಿರು ತಗೋತಾನ. ಪೂರ್ತಿ ಎಳದು ಬಿಡೋ ಉಸಿರಿನ ಅಳತೆ ಮೊದಲ ದಿನ ಹೆಚ್ಚೂಕಮ್ಮಿ ಅರ್ಧಕ್ಕ ಇಳಿತದ. ಮತ್ತ ಮೊದಲಿನಂಗ ಆಗಲಿಕ್ಕೆ ವಾರ, ಕೆಲವರಿಗೆ ಇನ್ನೂ ಹೆಚ್ಚು ಬೇಕು.

ಇನ್ನೊಂದು ಮಂದಿಗೆ ಗೊತ್ತಿಲ್ಲದ ಮಾತು. ಪೂರ್ತಿ ಬೇಹೋಷ್ ಮಾಡಿದ ಕೆಲವೇ ನಿಮಿಷದಾಗ, ಹತ್ತರಾಗ ಒಂಬತ್ತು ಮಂದಿಗೆ ಶ್ವಾಸಕೋಶದ ಬೆನ್ನಕಡಿಯ ಕೆಳಭಾಗ ಸ್ವಲ್ಪ ಮುಚ್ಚಿಕೊಳ್ತದ. ಅಟೆಲೆಕ್ಟಾಸಿಸ್ ಅಂತಾರ. ಗಟ್ಟಿ ಎದಿಯವರಿಗೆ, ಸಣ್ಣ ಆಪರೇಷನ್ ಆದವರಿಗೆ ಅದು ತಾನೇ ತೆರಿತದ, ಗೊತ್ತೂ ಆಗಂಗಿಲ್ಲ. ಎಚ್ಚರಿದ್ದಾಗ ನಾವು ನಮಗ ಗೊತ್ತಿಲ್ಲದಂಗ ತಾಸಿಗೆ ಹತ್ತು-ಹನ್ನೆರಡು ಸಲ ಒಂದು ದೊಡ್ಡ ನಿಟ್ಟುಸಿರು ತಗೊಂಡಿರ್ತೀವಿ. ಮುಚ್ಚಿದ್ದನ್ನ ತೆರಿಯೋದು ಅದೇ. ನೋವು, ನೋವಿನ ಗಟ್ಟಿ ಔಷಧ, ಮಲಗಿದ ಭಂಗಿ ಮೂರೂ ಕೂಡಿ ಆ ನಿಟ್ಟುಸಿರನ್ನೇ ನಿಲ್ಲಸ್ತಾವ. ಮುಚ್ಚಿದ ಜಾಗದಾಗ ಕಫ ನಿಂತ್ರ, ನಿಂತ ಕಫದಾಗ ಸೋಂಕು ಬೆಳದ್ರ, ಅದೇ ನ್ಯುಮೋನಿಯಾ.

ಈಗ ನಿಮ್ಮ ತಂದಿ. ಕಲ್ಲಿನ ಧೂಳಿ, ಬೀಡಿ, ಮೊದಲೇ ಕೆಮ್ಮು, ಮ್ಯಾಲ ಮೇಲ್ಹೊಟ್ಟಿ ಆಪರೇಷನ್. ಮತ್ತ ಹರ್ನಿಯಾದ್ದು ಇನ್ನೊಂದು ತೊಡಕು: ಇಷ್ಟು ದಿನ ಹೊರಗ ಇದ್ದ ಕರಳನ್ನ ಒಳಗ ತಳ್ಳಿ ಹೊಲದ್ರ ಹೊಟ್ಟ್ಯಾಗ ಒತ್ತಡ ಏರ್ತದ, ಅದು ವಪೆಯನ್ನ ಮ್ಯಾಲಕ್ಕ ದಬ್ಬತದ. ಕೆಮ್ಮು ಹತೋಟಿಗೆ ಬರದೇ ಹೊಲದ್ರ ಹೊಲಿಗಿನೂ ಕೆಡಬಹುದು, ಎದಿನೂ ಕೆಡಬಹುದು.

ಹಿಂದ ಯಾಕ ಕೇಳಲಿಲ್ಲ ಅಂದ್ರ, ಅಲ್ಸರ್ ಒಡದಾಗ ಕಾಯೋ ಹಂಗೇ ಇರಂಗಿಲ್ಲ, ಜೀವ ಉಳಸೋದಷ್ಟೇ. ಅರ್ಜೆಂಟ್ ಆಪರೇಷನ್‌ನಾಗ ಎದಿ ತೊಂದರೆ ಹೆಚ್ಚಾಗೋದಕ್ಕ ಇದೂ ಒಂದು ಕಾರಣ. ಈಗ ಕಾಯಲಿಕ್ಕೆ ಸಮಯ ಅದ. ಆದ್ರ ಈ ಕಾಯೋ ತಿಂಗಳದಾಗ ಹರ್ನಿಯಾ ಒಳಗ ಹೋಗದೇ ಗಟ್ಟಿಯಾಗಿ ಸಿಕ್ಕಿ, ನೋವು, ವಾಂತಿ ಶುರುವಾದ್ರ ಒಂದು ತಾಸೂ ತಡಾ ಮಾಡದೇ ದವಾಖಾನಿಗೆ ಹೋಗ್ರಿ. ಅಲ್ಲಿ ಬೀಡಿ ಲೆಕ್ಕ ಯಾರೂ ಕೇಳಂಗಿಲ್ಲ.


ಫರಸಿ_ಮಗ:

ಇಷ್ಟು ಬಿಡಿಸಿ ದವಾಖಾನ್ಯಾಗ ಯಾರೂ ಹೇಳಿರಲಿಲ್ರಿ ಮೇಡಮ್. ಕಾಕಾಗ ಓದಿ ಹೇಳಿದೆ, ಸುಮ್ನ ಕುಂತ. ಬೀಡಿ ಒಂದೇ ತಿಂಗಳ ಬಿಟ್ರ ಇಷ್ಟು ವರ್ಷದ್ದು ಹೋಗ್ತದೇನ್ರಿ? ಅಪ್ಪ ಅದನ್ನೇ ಹಿಡಕೊಂಡು ಕುಂತಾನ. ಮತ್ತ ಕಫದ ಟೆಸ್ಟ್ ಯಾಕ?


ಉಸಿರಾಟ_ಫಿಸಿಯೋ:

ಇಷ್ಟು ವರ್ಷದ್ದು ಹೋಗಂಗಿಲ್ಲ. ಆದ್ರ ಆಪರೇಷನ್‌ಗೆ ಬೇಕಾದಷ್ಟು ಸುಧಾರಿಸ್ತದ. ಬೀಡಿ ಹೊಗಿಯೊಳಗಿನ ಕಾರ್ಬನ್ ಮಾನಾಕ್ಸೈಡ್ ರಕ್ತದಾಗ ಆಮ್ಲಜನಕದ ಜಾಗ ಹಿಡದಿರ್ತದ. ಒಂದು ದಿನ ಬಿಟ್ರ ಅದು ಬಹುತೇಕ ಇಳಿತದ. ಶ್ವಾಸನಾಳದಾಗಿನ ಕಫ ಮ್ಯಾಲಕ್ಕ ತಳ್ಳೋ ಸಣ್ಣ ರೋಮಗಳು ಚೇತರಿಸಲಿಕ್ಕೆ ವಾರಗಟ್ಟಲೆ ಬೇಕು. ಅದಕ್ಕೇ ನಾಲ್ಕು ವಾರ ಅನ್ನೋದು. ಎಂಟು ವಾರ ಆದ್ರ ಇನ್ನೂ ಚಲೋ. ಕಡೀ ಗಳಿಗ್ಯಾಗ ಬಿಟ್ರ ಕೆಮ್ಮು ಹೆಚ್ಚಾಗಿ ಅಪಾಯ ಅಂತ ಒಂದು ಹಳೇ ಅಂಜಿಕಿ ಇತ್ತು, ಆಮ್ಯಾಲ ಆದ ಅಧ್ಯಯನದಾಗ ಅದು ನಿಲ್ಲಲಿಲ್ಲ. ಯಾವಾಗ ಬಿಟ್ರೂ ಲಾಭವೇ.

ಒಬ್ಬರೇ ಬಿಡೋದು ಕಷ್ಟ. ಬೀಡಿ ಕಟ್ಟಿನ ಮ್ಯಾಲೇ ಅಚ್ಚಾಗಿರ್ತದಲ್ಲ, 1800-11-2356, ಬಿಡಸೋ ಸಹಾಯವಾಣಿ, ರೊಕ್ಕ ಬೀಳಂಗಿಲ್ಲ. ನಿಕೋಟಿನ್ ಗಮ್ ಬೇಕಾದ್ರ ಡಾಕ್ಟರ್‌ನ ಕೇಳಿ ಕೊಡ್ರಿ. ಬೀಡಿ ಬಿಟ್ಟು ಗುಟ್ಕಾ ಹಿಡಿಯೋದು ಬಿಟ್ಟಂಗಲ್ಲ, ಗಾಯ ಮಾಯೋದಕ್ಕೂ ಅದು ಕೆಟ್ಟದ್ದು.

ಕಫದ ಟೆಸ್ಟ್ ಟಿಬಿಗೆ. ಕಲ್ಲಿನ ಸಣ್ಣ ಧೂಳಿ ಶ್ವಾಸಕೋಶದಾಗ ಗಾಯದ ಗುರ್ತು ಮಾಡ್ತದ, ಸಿಲಿಕೋಸಿಸ್. ಅದು ಇದ್ದವರಿಗೆ ಟಿಬಿ ಹತ್ತೋದು ಹೆಚ್ಚು. ಶಹಾಬಾದ, ವಾಡಿ, ಚಿತ್ತಾಪುರ ಕಡಿಯ ಕಲ್ಲಿನ ದಗದದವರು ಬಂದ್ರ ನಾನಂತೂ ಮೊದಲು ಇದನ್ನೇ ಕೇಳ್ತೀನಿ. ಸರ್ಕಾರಿ ದವಾಖಾನ್ಯಾಗ ಟೆಸ್ಟೂ ಪುಕ್ಕಟೆ, ಟಿಬಿ ಬಂದ್ರ ಔಷಧನೂ ಪುಕ್ಕಟೆ. ಇನ್‌ಹೇಲರ್ ದಿನಾ ತಪ್ಪದೇ ತಗೋಳ್ಳಲಿ. ಸಾಮಾನ್ಯವಾಗಿ ಆಪರೇಷನ್ ದಿನ ಮುಂಜಾನಿನೂ ತಗೋ ಅಂತಾರ, ಕೇಳಿಟ್ಟುಕೊಳ್ರಿ.


ಓದೋ_ಚಾಳಿ:

ಫಿಸಿಯೋ ಮೇಡಮ್‌ಗೆ ಗೌರವ ಇಟ್ಟೇ ಒಂದು ತಕರಾರು. ಮೂರು ಚೆಂಡಿನ ಇನ್ಸೆಂಟಿವ್ ಸ್ಪೈರೋಮೀಟರ್‌ನಿಂದ ಆಪರೇಷನ್ ನಂತರದ ಎದೆ ತೊಂದರೆ ಕಡಿಮೆಯಾಗುತ್ತದೆ ಅನ್ನೋದಕ್ಕೆ ಗಟ್ಟಿ ಪುರಾವೆ ಇಲ್ಲ. ಒಂದು ವಿಷಯದ ಅಧ್ಯಯನಗಳನ್ನೆಲ್ಲ ಕೂಡಿಸಿ ತೂಗಿ ನೋಡುವ ಕಾಕ್ರೇನ್ ವಿಮರ್ಶೆಗಳೇ ಹಾಗೆ ಹೇಳಿವೆ. ಹಾಗಿದ್ದ ಮೇಲೆ ಬಡವರ ಕೈಯಲ್ಲಿ ಯಾಕೆ ಕೊಳ್ಳಿಸಬೇಕು?


ಉಸಿರಾಟ_ಫಿಸಿಯೋ:

ತಕರಾರು ಸರಿಯಾಗೇ ಅದ. ಡಬ್ಬಿ ಒಂದನ್ನೇ ಕೊಟ್ಟು ಕೈ ತೊಳಕೊಂಡ್ರ, ಏನೂ ಇಲ್ಲದೇ ದೊಡ್ಡ ಉಸಿರು ತಗೊಂಡದ್ದಕ್ಕಿಂತ ಅದು ಮೇಲು ಅಂತ ತೋರಿಸಿಲ್ಲ. ನಾನೂ ಅದನ್ನ ಔಷಧ ಅನ್ನಂಗಿಲ್ಲ. ಡಬ್ಬಿ ನೆನಪು ಮಾಡ್ತದ, ಕಣ್ಣಿಗೆ ಕಾಣೋ ಗುರಿ ಕೊಡ್ತದ. "ದೊಡ್ಡ ಉಸಿರು ತಗೋ ಮುತ್ಯಾ" ಅಂದ್ರ ತಾಸಿಗೊಮ್ಮೆ ಯಾರೂ ತಗೊಳ್ಳಂಗಿಲ್ಲ. ಚೆಂಡು ಎತ್ತು ಅಂದ್ರ ಹಟಕ್ಕ ಬಿದ್ದು ಎತ್ತತಾರ. ಆಗಂಗಿಲ್ಲ ಅನ್ನೋರು ಕೊಳ್ಳೋದು ಬ್ಯಾಡ, ಬರೇ ಉಸಿರು ಸಾಕು.

ಪುರಾವೆ ಇರೋದು ಬ್ಯಾರೆ ಕಡಿ. 2018ರಾಗ ಬಿಎಂಜೆ ಅನ್ನೋ ವೈದ್ಯಕೀಯ ಪತ್ರಿಕೆಯೊಳಗ ಬಂದ ಆಸ್ಟ್ರೇಲಿಯಾ-ನ್ಯೂಜಿಲೆಂಡ್ ಅಧ್ಯಯನ ಓದಿರಬೇಕು ನೀವು. ಮೇಲ್ಹೊಟ್ಟಿ ಆಪರೇಷನ್ ಆಗೋರನ್ನ ಎರಡು ಗುಂಪು ಮಾಡಿದ್ರು. ಒಂದಕ್ಕ ಪುಸ್ತಕ ಅಷ್ಟೇ. ಇನ್ನೊಂದಕ್ಕ ಪುಸ್ತಕದ ಜೊತಿ, ಆಪರೇಷನ್‌ಕ್ಕಿಂತ ಮೊದಲೇ, ಫಿಸಿಯೋ ಎದುರಿಗೆ ಕೂಡಿಸಿಕೊಂಡು ಬರೇ ಅರ್ಧ ತಾಸು: ನಿಮ್ಮ ಎದಿಗೆ ಏನಾಗ್ತದ, ಯಾಕ ಆಗ್ತದ, ಎಚ್ಚರಾದ ತಕ್ಷಣ ಉಸಿರು ಹ್ಯಾಂಗ ತಗೋಬೇಕು, ಕೈ ಹಿಡದು ಕಲಿಸಿದ್ರು. ಮೊದಲ ಗುಂಪಿನ್ಯಾಗ ನೂರಕ್ಕ 27 ಮಂದಿಗೆ ಎದಿ ತೊಂದರೆ ಬಂತು, ಎರಡನೇದಾಗ ನೂರಕ್ಕ 12. ಆಪರೇಷನ್ ಆದ ಮ್ಯಾಲ ಎರಡೂ ಗುಂಪಿಗೆ ಉಸಿರಿನ ಫಿಸಿಯೋ ಇರಲೇ ಇಲ್ಲ, ಎಬ್ಬಿಸಿ ನಡಿಸೋದು ಅಷ್ಟೇ. ಅಂದ್ರ ಕೆಲಸ ಮಾಡಿದ್ದು ಮೊದಲಿನ ಆ ಅರ್ಧ ತಾಸು.

ನಮ್ಮ ಕಡಿ ಫಿಸಿಯೋನ ಕರಿಯೋದೇ ಪೇಷಂಟ್‌ಗೆ ಧಮ್ಮು ಹತ್ತಿದ ಮ್ಯಾಲ. ಅಷ್ಟೊತ್ತಿಗೆ ನೋವಿನ್ಯಾಗ ಒದ್ದಾಡೋ ಮನುಷ್ಯಾಗ ಹೊಸದು ಏನ್ ಕಲಸಲಿ ನಾನು? ನನ್ನ ಜಗಳ ಇರೋದೇ ಇದರ ಮ್ಯಾಲ.


ಓದೋ_ಚಾಳಿ:

ಒಪ್ಪಿದೆ. ಬಾಸ್ಟನ್‌ನ ಐಕಫ್ ಕಾರ್ಯಕ್ರಮವೂ ಅದೇ ಧಾಟಿಯದು, 2013ರಲ್ಲಿ ಪ್ರಕಟವಾದದ್ದು: ಉಸಿರು, ಕೆಮ್ಮು, ಬಾಯಿ ಸ್ವಚ್ಛತೆ, ತಿಳಿಸಿ ಹೇಳುವುದು, ಎಬ್ಬಿಸುವುದು, ಮಂಚದ ತಲೆ ಎತ್ತರಿಸುವುದು. ಅಲ್ಲಿ ನ್ಯುಮೋನಿಯಾ ನೂರಕ್ಕೆ 2.6ರಿಂದ 1.6ಕ್ಕೆ ಇಳಿಯಿತು. ಆದರೆ ಅದು ಮೊದಲು-ನಂತರದ ಹೋಲಿಕೆ, ಚೀಟಿ ಎತ್ತಿ ಗುಂಪು ಮಾಡಿದ್ದಲ್ಲ. ಇಷ್ಟು ಹೇಳದಿದ್ದರೆ ನನಗೆ ನಿದ್ದೆ ಬರುವುದಿಲ್ಲ.


ವಾರ್ಡ್_ಸಿಸ್ಟರ್_ಬೀದರ್:

ನಿಮ್ಮ ನೂರಕ್ಕ ಎಷ್ಟು ಅನ್ನೋದು ಇರ್ಲಿ, ನಾನು ರಾತ್ರಿ ಪಾಳಿಯೊಳಗ ನೋಡಿದ್ದು ಹೇಳ್ತೀನಿ. ಪೇಷಂಟ್‌ನ ಎದಿ ಕೆಡಿಸೋರಾಗ ಮನಿ ಮಂದಿನೂ ಇರ್ತಾರ. ಸಿಟ್ಟಾಗಬ್ಯಾಡ್ರಿ. ಪ್ರೀತಿಲೇ ಕೆಡಸ್ತಾರ.

"ಮಲಕೋ ಅವ್ವಾ, ಅಲಗಾಡಬ್ಯಾಡ, ಹೊಲಿಗಿ ಬಿಚ್ಚತಾವ." ಇದು ಒಂದನೇದ್ದು. ನಾವು ಮಂಚದ ತಲಿ ಏರಿಸಿ ಹೋಗಿರ್ತೀವಿ, ತಿರುಗಿ ಬರೋದ್ರಾಗ ಇಳಿಸಿ ಸಪಾಟ ಮಲಗಿಸಿರ್ತಾರ. ಒಂದು ಮೂವತ್ತು ಡಿಗ್ರಿ ತಲಿ ಮ್ಯಾಲ ಇದ್ರ ಹೊಟ್ಟಿ ಭಾರ ಎದಿ ಮ್ಯಾಲ ಬೀಳಂಗಿಲ್ಲ, ಹೊಟ್ಟಿಯಾಗಿಂದು ಗಂಟಲಿಗೆ ಏರಿ ಶ್ವಾಸನಾಳಕ್ಕ ಇಳಿಯೋದೂ ಕಡಿಮಿ.

ಎರಡನೇದ್ದು ಚಹಾ. ಆಪರೇಷನ್ ದಿನ ಉಪಾಸ ಇರ್ಬೇಕು ಅಂತ ಹೇಳಿರ್ತೀವಿ, ಗಟ್ಟಿ ಊಟ, ಹಾಲು ಆರು ತಾಸು ಮೊದಲೇ ಬಂದ್, ಬರೇ ನೀರು ಎರಡು ತಾಸು ಮೊದಲಿನ ತನಕ. ಹಾಲು ಹಾಕಿದ ಚಹಾ ನೀರಲ್ರಿ! ಮುದುಕಿ ಹಸದದ ಅಂತ ಕದ್ದು ಕುಡಿಸಿ, "ಸಿಸ್ಟರ್‌ಗೆ ಹೇಳಬ್ಯಾಡ" ಅಂದವರನ್ನ ನೋಡೀನಿ. ಬೇಹೋಷ್ ಆದಾಗ ಅದು ವಾಂತಿಯಾಗಿ ಎದಿಗೆ ಇಳದ್ರ ಆಪರೇಷನ್ ಟೇಬಲ್ ಮ್ಯಾಲೇ ಆಟ ಮುಗಿಬಹುದು. ಕುಡಿಸಿದ್ರ ಬಾಯಿಬಿಟ್ಟು ಹೇಳ್ರಿ, ಬೈಯಂಗಿಲ್ಲ, ಟೈಮ್ ಮುಂದ ಹಾಕ್ತಾರ ಅಷ್ಟೇ.

ಬಾಯಿ. ಇದನ್ನ ಯಾರೂ ಲೆಕ್ಕಕ್ಕೇ ಹಿಡಿಯಂಗಿಲ್ಲ. ಬಾಯಾಗಿನ ಹುಳಾನೇ ಎದಿಗೆ ಇಳಿದು ನ್ಯುಮೋನಿಯಾ ಮಾಡ್ತಾವ. ದಿನಾ ಎರಡು ಸಲ ಬ್ರಷ್, ಎದ್ದು ಹೋಗಲಿಕ್ಕೆ ಆಗದವರಿಗೆ ಮಂಚದ ಮ್ಯಾಲೇ ಬಟ್ಲ ಹಿಡದು ಮಾಡಸ್ರಿ. ಹಲ್ಲಿನ ಸೆಟ್ ಇದ್ರ ತೆಗೆದು ತೊಳದು ಇಡ್ರಿ. ನಮ್ಮ ಕಡಿ ಆಯಿಗಳು ದಿಂಬಿನ ಕೆಳಗ ಮಿಶ್ರಿ ಡಬ್ಬಿ ಇಟ್ಕೊಂಡಿರ್ತಾರ, ಹಲ್ಲು ತಿಕ್ಕಲಿಕ್ಕೆ ಅಂತ. ಅದು ತಂಬಾಕು. ಕಸಗೊಂಡು ಬೈಸ್ಕೊಂಡೀನಿ.

ಮತ್ತ ಮಾತಾಡಸಲಿಕ್ಕೆ ಬರೋರು. ಒಂದು ಟಂಟಂ ತುಂಬಾ ಬರ್ತಾರ, ಅದ್ರಾಗ ಇಬ್ಬರಿಗೆ ನೆಗಡಿ. ಪೇಷಂಟ್ ಎದ್ದು ಕುಂತು ಉಸಿರು ತಗೋಳೋ ಹೊತ್ತಿನ್ಯಾಗ ಸುತ್ತ ಕುಂತು ಊರ ಪಂಚಾಯ್ತಿ. ಒಬ್ಬರೇ ಇರ್ರಿ, ಗಟ್ಟಿ ಮನಸಿನವರು ಇರ್ರಿ. "ನೋವಾಗ್ತದ ಬಿಡು ಪಾಪ" ಅನ್ನೋರು ಬ್ಯಾಡ.


ಯಾದಗಿರಿ_ಮಾಸ್ತರ:

ಸಿಸ್ಟರ್ ಮಾತು ಓದಿ ಬರೆಯುತ್ತಿದ್ದೇನೆ. ನಮ್ಮ ತಾಯಿ ಬಚ್ಚಲದಲ್ಲಿ ಜಾರಿ ತೊಡೆಯ ಮೇಲಿನ ಎಲುಬು ಮುರಿದುಕೊಂಡರು. ವಯಸ್ಸು ಎಂಬತ್ತರ ಹತ್ತಿರ. ಊರಿನ ಹಿರಿಯರೆಲ್ಲ, ಈ ವಯಸ್ಸಿನಲ್ಲಿ ಆಪರೇಷನ್ ಬೇಡ, ಕಟ್ಟು ಕಟ್ಟಿಸಿ ಮಲಗಿಸಿ ಎಂದರು. ಎಲುಬಿನ ಡಾಕ್ಟರು ಒಂದೇ ಮಾತು ಹೇಳಿದರು: "ಮಾಸ್ತರ, ಮುರಿದ ಎಲುಬು ಇವರನ್ನ ಕೊಲ್ಲಂಗಿಲ್ಲ, ಹಾಸಿಗಿ ಕೊಲ್ತದ." ಮಲಗಿಬಿಟ್ಟ ಮುದುಕರಿಗೆ ನ್ಯುಮೋನಿಯಾ, ಬೆನ್ನ ಹುಣ್ಣು, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವುದು, ಇವೇ ಮೂರು ಬರುವುದಂತೆ. ಆದಷ್ಟು ಎರಡು ದಿನದೊಳಗೆ ಆಪರೇಷನ್ ಆಗಬೇಕು ಎಂದರು, ಆಯಿತು. ಮರುದಿನವೇ ಕೂಡಿಸಿದರು, ವಾಕರ್ ಕೊಟ್ಟು ನಿಲ್ಲಿಸಿದರು. ಅವ್ವ ಎಲ್ಲರನ್ನೂ ಬೈದಳು. ಡಾಕ್ಟರರ ವಂಶವನ್ನೂ ಬಿಡಲಿಲ್ಲ. ಬೈಯಲಿಕ್ಕೆ ದೊಡ್ಡ ಉಸಿರು ಬೇಕಲ್ಲ, ಫಿಸಿಯೋದವರು ಬೈಯಲಿ ಬಿಡ್ರಿ ಸರ್ ಎಂದು ನಕ್ಕರು.

ಇನ್ನೊಂದು ಮಾತು, ಫರಸಿ_ಮಗ ಅವರಿಗೆ. ರಕ್ತದ ರಿಪೋರ್ಟಿನಲ್ಲಿ ಹಿಮೋಗ್ಲೋಬಿನ್ ಎಷ್ಟಿದೆ ನೋಡಿದಿರಾ? ನಮ್ಮವರಿಗೆ ಕಡಿಮೆ ಇತ್ತು, ಅದಕ್ಕೂ ಎದೆಗೂ ಸಂಬಂಧ ಇದೆ ಎಂದಿದ್ದರು.


ಉಸಿರಾಟ_ಫಿಸಿಯೋ:

ಇದೆ ಸರ್. ಎದಿ ಅಪಾಯ ಅಳಿಯೋದಕ್ಕ ಅರಿಸ್ಕ್ಯಾಟ್ ಅಂತ ಒಂದು ಲೆಕ್ಕ ಅದ. ಅದ್ರಾಗ ಕೇಳೋದು: ವಯಸ್ಸು, ಬೆರಳಿನ ಆಕ್ಸಿಜನ್ ಅಳತೆ, ಹಿಂದಿನ ಒಂದು ತಿಂಗಳದಾಗ ಎದಿಗೆ ಸೋಂಕು ಆಗಿತ್ತೇನು, ಹಿಮೋಗ್ಲೋಬಿನ್ 10 ಅಥವಾ ಅದಕ್ಕಿಂತ ಕೆಳಗ ಅದೇನು, ಎಲ್ಲಿ ಕೊಯ್ತಾರ, ಎರಡು ತಾಸಿಗಿಂತ ಹೆಚ್ಚು ನಡೀತದೇನು, ಅರ್ಜೆಂಟ್ ಅದೇನು. ಮೇಲ್ಹೊಟ್ಟಿ, ಎದಿ ಕೊಯ್ಯೋದಕ್ಕ ಅಂಕ ಜಾಸ್ತಿ. ಇದ್ರಾಗ ವಯಸ್ಸು ಬದಲ ಮಾಡಲಿಕ್ಕೆ ಬರಂಗಿಲ್ಲ, ರಕ್ತ ಏರಿಸಲಿಕ್ಕೆ ಬರ್ತದ, ನೆಗಡಿ-ಕೆಮ್ಮು ಇಳಿಯೋ ತನಕ ಕಾಯಲಿಕ್ಕೆ ಬರ್ತದ.


ಸುರಪುರದ_ಹುಡುಗ:

ಡಬ್ಬಿ ಬದ್ಲು ಫುಗ್ಗಾ ಊದಿದ್ರ ನಡೀತದೇನ್ರಿ? ನಮ್ಮ ಮುತ್ಯಾಗ ಯಾರೋ ಫುಗ್ಗಾ ಊದು ಅಂದಿದ್ರು. ಜೀರಗಿ ನೀರಿನ ಹಬಿ ಕೊಡೋದು?


ಉಸಿರಾಟ_ಫಿಸಿಯೋ:

ಫುಗ್ಗಾ ಊದೋದು ಉಸಿರು ಹೊರಗ ಹಾಕೋ ಕೆಲಸ. ಆಪರೇಷನ್ ಆದವರಿಗೆ ಬೇಕಾದ್ದು ಒಳಗ ತುಂಬೋದು. ಮ್ಯಾಲ ಊದುವಾಗ ಹೊಟ್ಟಿಗೆ ಜೋರು ಬೀಳ್ತದ, ಹರ್ನಿಯಾದವರಿಗಂತೂ ಬ್ಯಾಡ. ಹಬಿ ಮೂಗಿಗೆ ಹಾಯ್ ಅನಿಸ್ತದ, ಮುಚ್ಚಿದ ಶ್ವಾಸಕೋಶ ತೆರಿಯಂಗಿಲ್ಲ. ಮಲಗಿದವರ ಮ್ಯಾಲ ಕುದಿಯೋ ನೀರಿನ ಪಾತ್ರಿ ಚೆಲ್ಲಿ ಸುಟ್ಟ ಕೇಸ್ ನೋಡೀನಿ, ಹುಷಾರ್.

ಡಬ್ಬಿ ಹಿಡಿಯೋ ರೀತಿ ಹೇಳಿಬಿಡ್ತೀನಿ, ಹತ್ತು ಮನ್ಯಾಗ ಅರ್ಧಕ್ಕ ತಪ್ಪು ಮಾಡ್ತಾರ. ಎದ್ದು ಕೂಡ್ರಬೇಕು. ಡಬ್ಬಿ ನೆಟ್ಟಗ. ಮೊದಲು ಇದ್ದ ಉಸಿರು ಆರಾಮಾಗಿ ಹೊರಗ ಬಿಟ್ಟು, ನಳಿಗಿ ಬಾಯಾಗ ಬಿಗಿಯಾಗಿ ಹಿಡದು, ನಿಧಾನ ಜಗ್ಗಬೇಕು. ಮೂರೂ ಚೆಂಡು ಟಕ್ ಅಂತ ಮ್ಯಾಲ ಬಡದು ಕೆಳಗ ಬೀಳೋದು ಶೂರತನ ಅಲ್ಲ. ಚೆಂಡಿನ ಮ್ಯಾಲ 600, 900, 1200 ಅಂತ ಬರದಿರ್ತಾರಲ್ಲ, ಅದು ಗಾಳಿ ಹರಿಯೋ ವೇಗ, ಎಷ್ಟು ತುಂಬಿತು ಅನ್ನೋದಲ್ಲ. ಒಂದೇ ಚೆಂಡು ಏರಿಸಿ ಮೂರು ಎಣಸೋ ತನಕ ಮ್ಯಾಲೇ ನಿಲ್ಲಿಸಿದವರು ಗೆದ್ದಂಗ. ಆಮ್ಯಾಲ ನಳಿಗಿ ತೆಗದು ಬಿಡೋದು. ಹತ್ತು ಸಲ, ಎಚ್ಚರಿದ್ದಾಗ ತಾಸಿಗೊಮ್ಮೆ. ತಲಿ ತಿರುಗಿದ್ರ ನಡುವ ನಿಲ್ಲಿಸಿ ಸುಮ್ನ ಕೂಡ್ರೋದು.

ಕೆಮ್ಮೋದು ಇನ್ನೂ ಮುಖ್ಯ. ಒಂದು ದಿಂಬು ಇಲ್ಲಾ ಮಡಚಿದ ಚಾದರ ಹೊಲಿಗಿ ಮ್ಯಾಲ ಎರಡೂ ಕೈಲೇ ಒತ್ತಿ ಹಿಡಿಯೋದು. ಮಂಚದ ಮ್ಯಾಲ ಕುಂತಿದ್ರ ಮೊಣಕಾಲು ಮಡಚೋದು. ಎರಡು-ಮೂರು ದೊಡ್ಡ ಉಸಿರು. ಆಮ್ಯಾಲ ಬಾಯಿ ತೆರದು, ಕನ್ನಡಿ ಮ್ಯಾಲ ಹಬಿ ಕೂಡಿಸುವಂಗ "ಹಾ" ಅಂತ ಜೋರಾಗಿ ಉಸಿರು ಬಿಡೋದು, ಒಂದೆರಡು ಸಲ. ಕಫ ಗಂಟಲಿಗೆ ಬಂತು ಅನಿಸಿದಾಗ ಒಂದೇ ಒಂದು ಗಟ್ಟಿ ಕೆಮ್ಮು, ಉಗಳೋದು. ನುಂಗಬ್ಯಾಡ್ರಿ, ಬಣ್ಣ ನೋಡಬೇಕು. ಇದೆಲ್ಲಾ ಈಗಿಂದೇ ಮನ್ಯಾಗ ರೂಢಿ ಆಗಬೇಕು. ನಿಮ್ಮ ತಂದಿಯವರಿಗೆ ಈಗಲೂ ಹರ್ನಿಯಾ ಮ್ಯಾಲ ಕೈ ಒತ್ತಿ ಹಿಡದೇ ಮಾಡ್ಲಿಕ್ಕೆ ಹೇಳ್ರಿ.


ಫರಸಿ_ಮಗ:

ಬಾಳ ದಿನದ ಮ್ಯಾಲ ಬರ್ಲಾಕತ್ತೀನಿ. ಆಪರೇಷನ್ ಆತು. ಟಿಬಿ ಇರಲಿಲ್ಲ. ಬೀಡಿ ಬಿಡಿಸಿದ್ದು ನಾನಲ್ಲ, ಅಪ್ಪನ ಗೆಣ್ಯಾ ಒಬ್ಬಾವ, ಅವನೂ ಪಾಲಿಶ್ ದಗದದವ, ಮಗ್ಗಲದಾಗ ಕುಂತು ತಾನೂ ಬಿಟ್ಟ. ಈ ಸಲ ಅನಸ್ತೇಶಿಯಾ ಡಾಕ್ಟರ್ ಎದಿ ಕೇಳಿ "ಹಾಂ, ಈಗ ನಡಿ" ಅಂದ್ರು. ಬೆನ್ನಾಗ ಸಣ್ಣ ನಳಿಗಿ ಕೂಡಿಸಿ ನೋವಿನ ಔಷಧ ಬಿಟ್ಟಿದ್ರು, ಎಪಿಡ್ಯೂರಲ್ ಅಂತ.

ಈಗ ತ್ರಾಸು ಏನಂದ್ರ, ನಳಿಗಿ ತೆಗದ ಮ್ಯಾಲ ಅಪ್ಪ ಕೆಮ್ಮಲಿಕ್ಕೆ ಒಲ್ಲೆ ಅಂತಾನ. ಗುರ್ ಗುರ್ ಸಪ್ಪಳ ಕೇಳಸ್ತದ, ಆದ್ರ ದಿಂಬು ಒಗದು ಮಾರಿ ತಿರಿವಿ ಮಲಗ್ತಾನ. ನೋವು ಅದೇನು ಅಂದ್ರ "ಇಲ್ಲ, ಆರಾಮ ಇದ್ದೀನಿ" ಅಂತಾನ. ನಿನ್ನಿ ಸಣ್ಣ ಜ್ವರನೂ ಬಂತು. ಆಂಟಿಬಯೋಟಿಕ್ ಬದಲ ಮಾಡ್ರಿ ಅಂತ ಕೇಳಲ್ಯಾ?


ವಾರ್ಡ್_ಸಿಸ್ಟರ್_ಬೀದರ್:

ನಮ್ಮ ಗಂಡಸ್ರೇ ಹಿಂಗ. ಕಲ್ಲು ಹೊತ್ತವರು ನೋವು ಅಂತ ಹೇಳಿದ್ರ ಮರ್ಯಾದಿ ಹೋಗ್ತದ. ಸುಮ್ನ ಮಲಗಿದ್ದಾಗ ನೋವದೇನು ಅಂತ ಕೇಳಬ್ಯಾಡ ತಮ್ಮಾ, ಇಲ್ಲ ಅಂತಾನೇ ಅಂತಾರ. "ಕೆಮ್ಮಿದಾಗ ಹತ್ತಕ್ಕ ಎಷ್ಟು ನೋವಾಗ್ತದ" ಅಂತ ಕೇಳು. ಎಂಟು, ಒಂಬತ್ತು ಅಂತಾರ ನೋಡು. ಆ ನಂಬರ್ ಒಯ್ದು ಡ್ಯೂಟಿ ಡಾಕ್ಟರ್‌ಗೆ ಹೇಳು. ನೋವಿನ ಗುಳಿಗಿ, ಸೂಜಿ ಕೊಟ್ಟು ಅದು ಹಿಡಿಯೋ ತನಕ ಕಾದು, ಆಮ್ಯಾಲ ಕೆಮ್ಮಿಸು. ನೋವು ಏರಿದ ಮ್ಯಾಲ ಕೇಳೋದಲ್ಲ, ಟೈಮಿಗೆ ಕೊಡಿಸಿಕೊಳ್ಳೋದು. ಗುರ್ ಗುರ್ ಸಪ್ಪಳನೂ ಇವತ್ತೇ ಹೇಳು, ನಾಳೆ ರೌಂಡ್ ತನಕ ಕಾಯಬ್ಯಾಡ.


ಉಸಿರಾಟ_ಫಿಸಿಯೋ:

ಸಿಸ್ಟರ್ ಹೇಳಿದ್ದೇ. ಜ್ವರದ ಬಗ್ಗೆ: ಮೊದಲ ಎರಡು ದಿನದ ಸಣ್ಣ ಜ್ವರಕ್ಕ "ಶ್ವಾಸಕೋಶ ಮುಚ್ಚಿದ್ದು" ಅಂತ ಪುಸ್ತಕದಾಗ ಬರಕೊಂಡು ಬಂದಾರ, ಖರೇ ಅಂದ್ರ ಅದಕ್ಕ ಪುರಾವೆ ಬಾಳ ಕಮ್ಮಿ, ಆಪರೇಷನ್ ಗಾಯಕ್ಕೇ ಮೈ ಕಾವೇರೋದು ಹೆಚ್ಚು. ಆದ್ರ ಜ್ವರದ ಜೊತಿ ಉಸಿರು ಜೋರಾಗೋದು, ಹಸಿರು ಕಫ, ಆಕ್ಸಿಜನ್ ಅಳತೆ ಅವರ ಮೊದಲಿನ ಅಳತೆಗಿಂತ ಇಳಿಯೋದು, ಮಾತು ತಪ್ಪೋದು ಇದ್ರ ಅದು ಬ್ಯಾರೆ ಲೆಕ್ಕ. ಔಷಧ ಬದಲ ಮಾಡ್ರಿ ಅಂತ ಕೇಳಬ್ಯಾಡ್ರಿ, "ಎದಿ ಕೇಳಿ ನೋಡ್ರಿ" ಅಂತ ಕೇಳ್ರಿ.

ಎಬ್ಬಿಸೋದು: ಮೊದಲು ಒಂದು ಮಗ್ಗಲಿಗೆ ಹೊರಳಿಸಿ, ಕಾಲು ಕೆಳಗ ಇಳಿಬಿಟ್ಟು, ಮೊಣಕೈ ಊರಿ ಏಳಲಿ. ಸೀದಾ ಜಗ್ಗಿ ಎಬ್ಬಿಸಿದ್ರ ಹೊಟ್ಟಿಗೆ ಬೀಳ್ತದ. ಮೊದಲ ಸಲ ನರ್ಸ್ ಜೊತಿಗೇ ಇರಲಿ. ಕುರ್ಚಿ ಮ್ಯಾಲ ಕುಂತು ಊಟ, ಊಟ ಆದ ಮ್ಯಾಲೂ ಅರ್ಧ ತಾಸು ಕುಂತೇ ಇರೋದು. ಮಲಗಿದಾಗ ಪಾದ ಮ್ಯಾಲ-ಕೆಳಗ ಆಡಿಸೋದು, ಕಾಲಿನ್ಯಾಗ ರಕ್ತ ಹೆಪ್ಪುಗಟ್ಟಿ ಎದಿಗೆ ಏರಬಾರದಲ್ಲ, ಅದಕ್ಕ. ಹೊಟ್ಟಿ ಬೆಲ್ಟ್ ಕೊಟ್ಟಿದ್ರ ಅದು ಹೊಟ್ಟಿ ಮ್ಯಾಲೇ ಇರಬೇಕು, ಪಕ್ಕೆಲುಬಿನ ಮ್ಯಾಲ ಏರಿ ಬಿಗಿದಿದ್ರ ಕೆಳಗ ಸರಿಸಿ ಕಟ್ಟಿಸ್ರಿ.


ಫರಸಿ_ಮಗ:

ಸಿಸ್ಟರ್, ಒಂಬತ್ತು ಅಂದ್ರು. ಡಾಕ್ಟರ್‌ಗೆ ಹೇಳ್ದೆ, ಅವರು ಎದಿ ಕೇಳಿ ನೋವಿಂದು ಹೆಚ್ಚು ಮಾಡಿ, ಅರ್ಧ ತಾಸಿನ ಮ್ಯಾಲ ಅಲ್ಲಿನ ಫಿಸಿಯೋನ ಕಳಿಸಿದ್ರು. ಕಂದು ಬಣ್ಣದ ಗಟ್ಟಿ ಕಫ ಬಂತು, ನೋಡಿ ನನಗೇ ಹೇಸಿಗಿ ಬಂತು. ಈಗ ಕಾರಿಡಾರಿನ್ಯಾಗ ಸಂಜಿಕಿ ಅಡ್ಡಾಡ್ತಾನ. ಮಧ್ಯಾಹ್ನ ಈ ಬಿಸಲಾಗ ಆಗಂಗಿಲ್ಲ, 43 ಡಿಗ್ರಿ ಅದ, ವಾರ್ಡ್ ಕಾದ ಹಂಚು ಆಗಿರ್ತದ. ಡಿಸ್ಚಾರ್ಜ್ ಆದ ಮ್ಯಾಲ ಪಾಲಿಶ್ ದಗದಕ್ಕ ಹೋಗಬಹುದೇನು ಅಂತ ಈಗ್ಲೇ ಕೇಳ್ಲಾಕತ್ತಾನ.


ಉಸಿರಾಟ_ಫಿಸಿಯೋ:

ಮುಂಜಾನಿ, ಸಂಜಿಕಿ ನಡದ್ರ ಸಾಕು. ಡಾಕ್ಟರ್ ನೀರಿಗೆ ಲೆಕ್ಕ ಹಾಕಿ ಕೊಟ್ಟಿಲ್ಲಾಂದ್ರ ಚಲೋ ನೀರು ಕುಡಿಲಿ. ಮನಿಗೆ ಹೋದ ಮ್ಯಾಲೂ ಎರಡು-ಮೂರು ವಾರ ಉಸಿರಿನ ರೂಢಿ ಬಿಡಬ್ಯಾಡ್ರಿ. ಒಂದೇ ಕಾಲಿನ ಮೀನಗಂಡ ಬಾತು ನೋವಾಗೋದು, ಒಮ್ಮಿಂದೊಮ್ಮೆಲೆ ಧಮ್ಮು ಹತ್ತೋದು, ಎದಿಯೊಳಗ ಚುಚ್ಚೋದು, ಕಫದಾಗ ರಕ್ತ, ಇದ್ರಾಗ ಯಾವುದಾದ್ರೂ ಆದ್ರ ಫೋನ್ ಮಾಡಿ ಕೇಳೋದಲ್ಲ, 108.

ಪಾಲಿಶ್ ದಗದ: ಭಾರ ಎತ್ತೋದು ಯಾವಾಗ ಅಂತ ಸರ್ಜನ್ ಹೇಳ್ತಾರ, ಹರ್ನಿಯಾಕ್ಕ ಅದು ತಿಂಗಳುಗಟ್ಟಲೆ ಮಾತು. ಧೂಳಿನದ್ದು ನಾನು ಹೇಳ್ತೀನಿ, ಬ್ಯಾಡ. ಹೋಗಲೇಬೇಕಂದ್ರ ನೀರು ಹರಿಸಿಕೊಂಡು ಪಾಲಿಶ್ ಮಾಡೋ ಕಡಿ ಅಷ್ಟೇ, ಒಣಾ ಕಲ್ಲು ಕೊಯ್ಯೋ ಕಡಿ ಹೋಗಲೇಬಾರದು. ಮಾರಿಗೆ ಟವೆಲ್ ಕಟ್ಟಿದ್ರ ಆ ಸಣ್ಣ ಧೂಳಿ ತಡಿಯಂಗಿಲ್ಲ.


ತೊಗರಿ_ರಾಶಿ:

ಮೇಡಮ್, ನಮ್ಮ ತಂಗೀದು ಮುಂದಿನ ತಿಂಗಳ ಸಿಸೇರಿಯನ್ ಅದ. ಆಕಿಗೂ ಈ ಡಬ್ಬಿ ತರಬೇಕೇನು? ಸೋಲಾಪುರದಾಗ ಅಗ್ಗ ಸಿಗ್ತದೇನು?


ಉಸಿರಾಟ_ಫಿಸಿಯೋ:

ಸೋಲಾಪುರ ಬಿಡಂಗಿಲ್ಲ ನೀವು. ತಂಗಿಗೆ ಉಬ್ಬಸ, ಹೃದಯದ ತೊಂದರೆ ಏನೂ ಇಲ್ಲಾಂದ್ರ ಡಬ್ಬಿ ಬ್ಯಾಡ. ಕೊಯ್ಯೋದು ಕೆಳಹೊಟ್ಟಿ, ಬಹಳ ಮಟ್ಟಿಗೆ ಬೆನ್ನಿಗೆ ಸೂಜಿ ಕೊಟ್ಟು ಮಾಡ್ತಾರ, ಎಚ್ಚರ ಇರ್ತಾಳ. ಕೆಮ್ಮುವಾಗ, ನಗುವಾಗ ಹೊಲಿಗಿ ಮ್ಯಾಲ ದಿಂಬು ಒತ್ತಿ ಹಿಡಿಯೋದು ಮೊದಲೇ ಕಲಿಸ್ರಿ. ಕಾಲು ಹಿಡಿತಕ್ಕ ಬಂದು ಡಾಕ್ಟರ್ ಹೂಂ ಅಂದ ಮ್ಯಾಲ ಎಬ್ಬಿಸಿ ನಡಸ್ರಿ, ಬಾಣಂತಿ ಅಂತ ಮಂಚದ ಮ್ಯಾಲೇ ಕಟ್ಟಿ ಹಾಕಬ್ಯಾಡ್ರಿ. ಮತ್ತ ಬಾಣಂತನದ ಕೋಣ್ಯಾಗ ಬಾಗಿಲ ಕಿಟಕಿ ಮುಚ್ಚಿ ಲೋಬಾನ, ಕೆಂಡದ ಹೊಗಿ ಹಾಕೋದಿದ್ರ ನಿಮ್ಮ ಅವ್ವಗ ಈಗ್ಲೇ ಹೇಳಿ ಬಿಡಸ್ರಿ. ತಾಯಿಗೂ ಕೆಟ್ಟದ್ದು, ಕೂಸಿಗೆ ಇನ್ನೂ ಕೆಟ್ಟದ್ದು.


ತೊಗರಿ_ರಾಶಿ:

ಅವ್ವಗ ನೀವೇ ಫೋನ್ ಮಾಡಿ ಹೇಳ್ರಿ ಮೇಡಮ್, ನನ್ನ ಮಾತು ಕೇಳಂಗಿಲ್ಲ ಆಕಿ.